ಹೂವಿನ ಕಾಲದ ಹೊಗೆ

ಬೇವು ಹೂ ಬಿಡುವ ಕಾಲಕ್ಕೆ ನಾನು ಕಿಟಕಿ ಹಾಕಿಕೊಂಡು ಮಲಗುತ್ತೇನೆ. ಗದಗಿನಲ್ಲಿ ನಮ್ಮ ಮನೆಯೆದುರು, ರಸ್ತೆಯಾಚೆ ಒಂದು ಬೇವಿನ ಮರವಿದೆ. ಯುಗಾದಿ ಸಮೀಪಿಸಿದಂತೆ ಅದರ ಹೂವಿನ ವಾಸನೆ ಸಂಜೆಗಾಳಿಯ ಜೊತೆ ನೇರ ಪಡಸಾಲೆಗೆ ಬಂದು ಕೂಡುತ್ತದೆ. ಸೊಸೆಗೆ ಅದು ಬಹಳ ಇಷ್ಟ. ಅವಳು ಬಾಗಿಲು ತೆರೆದಿಡುತ್ತಾಳೆ, ನಾನು ಎದ್ದು ಹೋಗಿ ಮುಚ್ಚುತ್ತೇನೆ. 'ನಮ್ಮ ಅತ್ತೆಗೆ ಬೇವಿನ ಹೂವಿನ ಅಲರ್ಜಿ' ಎಂದು ಬಂದವರಿಗೆಲ್ಲ ಹೇಳಿ, ಔಷಧಿ ಅಂಗಡಿಯಿಂದ ಗುಳಿಗೆಯನ್ನೂ ತಂದಿಟ್ಟಿದ್ದಾಳೆ. ನಾನು ಹೌದೆನ್ನುತ್ತೇನೆ, ಗುಳಿಗೆಯನ್ನೂ ನುಂಗುತ್ತೇನೆ. ನಾಚಿಕೆಗೆ ಅಲರ್ಜಿ ಎಂಬ ಮರ್ಯಾದಸ್ಥ ಹೆಸರು ಸಿಕ್ಕರೆ ಯಾರು ತಾನೇ ಬೇಡವೆನ್ನುತ್ತಾರೆ? ನಾನು ಬೆಳೆದ ಮನೆಯ ಬಗ್ಗೆ ಬರೆಯಬೇಕೆಂದು ಕೂತಾಗಲೆಲ್ಲ ಮೊದಲು ಈ ವಾಸನೆಯೇ ಬಂದು ಅಡ್ಡ ನಿಲ್ಲುತ್ತದೆ. ಅದಕ್ಕೇ ಈ ಸಲ ಅದರಿಂದಲೇ ಶುರು ಮಾಡಿದ್ದೇನೆ.

ಲಕ್ಷ್ಮೇಶ್ವರದಲ್ಲಿ ನಮ್ಮದು ಗಾಣದವರ ಮನೆ. ನಾನು ಹುಟ್ಟುವ ಹೊತ್ತಿಗೆ ಗಾಣ ಹೆಸರಿಗಷ್ಟೇ ಉಳಿದಿತ್ತು. ಊರಿಗೆ ಎಣ್ಣೆ ತೆಗೆಯುವ ಮಷೀನು ಬಂದ ಮೇಲೆ ಅಪ್ಪ ಶೇಂಗಾ ವ್ಯಾಪಾರಕ್ಕಿಳಿದು ದಿನಾ ಬೆಳಿಗ್ಗೆ ಗದಗಿನ ಬಸ್ಸು ಹತ್ತುತ್ತಿದ್ದ. ಅಪ್ಪನ ತಮ್ಮ, ನನ್ನ ಕಾಕಾ, ಹೊಲ ನೋಡುತ್ತಿದ್ದ. ಮನೆ ಉದ್ದಕ್ಕೆ ಒಳಗೊಳಗೆ ಹೋಗುವಂಥದ್ದು: ಕಟ್ಟೆ, ಪಡಸಾಲೆ, ಹಗಲಲ್ಲೂ ದೀಪ ಬೇಕಾಗುವ ಅಡುಗೆಮನೆ, ಅದರಾಚೆ ಕಲ್ಲಿನ ಗಾಣ ಕೂತಿದ್ದ ಕೋಣೆ, ಅದಕ್ಕೆ ಹೊಂದಿ ಒಂದು ಸಣ್ಣ ಬಾಣಂತಿ ಕೋಣೆ. ಕೊನೆಗೆ ಹಿತ್ತಲು. ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲು, ಆ ಕಲ್ಲಿಗೆ ನೆರಳು ಕೊಡುವ ಬೇವಿನ ಮರ. ಮರದ ಒಂದು ಟೊಂಗೆ ಗೋಡೆ ದಾಟಿ ಹಿಂದಿನ ಓಣಿಗೆ ಬಾಗಿತ್ತು. ನಾನು ಅಂಬೆಗಾಲಿಡುವ ತನಕ ವರ್ಷಕ್ಕೊಮ್ಮೆ ಈ ಮರದ ಬೀಜ ಹಿಂಡಲಿಕ್ಕಾಗಿಯೇ ಗಾಣಕ್ಕೆ ಎತ್ತು ಹೂಡುತ್ತಿದ್ದರಂತೆ. ಬಂದ ಎಣ್ಣೆಯನ್ನು ಮಾರುವಂತಿರಲಿಲ್ಲ. ಅದು ಮನೆಯ ಬಾಣಂತಿಯರ ಬೆನ್ನಿಗೆ, ಕಾಲಿಗೆ ಹಚ್ಚುವ ಎಣ್ಣೆ. ಬಾಣಂತಿ ಕೋಣೆಯ ಗೂಡಿನಲ್ಲಿ ಒಂದು ಕಂದು ಜಾಡಿ ಇತ್ತು; ಆ ಜಾಡಿ ತುಂಬಿದ್ದರೆ ಮನೆಯಲ್ಲಿ ತೊಟ್ಟಿಲು ತೂಗುತ್ತದೆ ಎಂದು ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ನಂಬಿದ್ದಳು. ಕೊನೆಯ ಸಲ ಆ ಜಾಡಿಯಿಂದ ಎಣ್ಣೆ ತೆಗೆದದ್ದು ನನ್ನ ಅವ್ವನಿಗಾಗಿ, ನಾನು ಹುಟ್ಟಿದಾಗ.

ನನಗಿಂತ ಮೊದಲು ಅವ್ವನಿಗೆ ಹುಟ್ಟಿದ ಎರಡು ಕೂಸು ಉಳಿದಿರಲಿಲ್ಲ. ಹಾಗಾಗಿ ಹೆಣ್ಣಾದರೂ ನನ್ನನ್ನು ನೆಲಕ್ಕೆ ಬಿಡುತ್ತಿರಲಿಲ್ಲ. ಬಿಟ್ಟ ಒಂದು ದಿನ ನಾನು ಮಾಡಬಾರದ್ದು ಮಾಡಿದೆ. ಬೇವಿನ ಹೂವುದುರುವ ಕಾಲ. ಒಗೆಯುವ ಕಲ್ಲಿನ ಪಕ್ಕ ಅವ್ವ ಹೂವನ್ನೆಲ್ಲ ಗುಡಿಸಿ ಗುಡ್ಡೆ ಹಾಕಿದ್ದಳು. ಅಂಬೆಗಾಲಿಟ್ಟು ಹೋದ ನಾನು ಒಂದು ಮುಷ್ಟಿ ಎತ್ತಿ ಬಾಯಿಗೆ ತುಂಬಿಕೊಂಡೆ. ಹೂವಿನೊಳಗೆ ಜೇನುಹುಳವಿತ್ತು. ತುಟಿಯ ಒಳಗೆ ಕಡಿಯಿತು. ಮುಖ ಊದಿ, ಉಸಿರು ಸಿಕ್ಕಿ, ನಾನು ನೀಲಿಯಾದೆನಂತೆ. ಆಯಿ ನನ್ನನ್ನು ಸೆರಗಿನಲ್ಲಿ ಕಟ್ಟಿಕೊಂಡು ಬರಿಗಾಲಲ್ಲಿ ದವಾಖಾನೆಗೆ ಓಡಿದಳು. ಆ ಓಟದ ಕತೆಯನ್ನು ಅವಳು ಸಾಯುವ ತನಕ ಹೇಳಿದಳು, ಹೇಳಿದಾಗಲೆಲ್ಲ ಅತ್ತಳು. ಅವಳ ಪ್ರೀತಿಯನ್ನು ನಾನು ಇವತ್ತಿಗೂ ಅನುಮಾನಿಸುವುದಿಲ್ಲ. ಅನುಮಾನಿಸಲು ಬಂದಿದ್ದರೆ ನನ್ನ ಬಾಳು ಇನ್ನಷ್ಟು ಹಗುರವಾಗಿರುತ್ತಿತ್ತು.

ಮುಂದಿನ ವರ್ಷದಿಂದ ಹೊಗೆ ಶುರುವಾಯಿತು. ಬೇವಿನಲ್ಲಿ ಮೊದಲ ಮೊಗ್ಗು ಕಂಡ ದಿನ ಆಯಿ ಒಡೆದ ಗಡಿಗೆಯ ತಳ ಹುಡುಕಿ ತರುತ್ತಿದ್ದಳು. ಅದರಲ್ಲಿ ಕುಳ್ಳಿನ, ಅಂದರೆ ಬೆರಣಿಯ ಬೆಂಕಿ, ಬೆಂಕಿಯ ಮೇಲೆ ಹಸಿ ಬೇವಿನ ಸೊಪ್ಪು. ಅಂಥವನ್ನು ಮರದ ಸುತ್ತ ಇಡಿಸುತ್ತಿದ್ದಳು. ಬೆಳಗಾದಾಗಿನಿಂದ ಬಿಸಿಲೇರುವ ತನಕ ಹೊಗೆ ಏಳುತ್ತಲೇ ಇರಬೇಕು. ಕೊನೆಯ ಹೂವು ಉದುರುವವರೆಗೆ ಒಂದು ದಿನವೂ ತಪ್ಪಬಾರದು. ಆ ದಿನಗಳಲ್ಲಿ ಹುಳ ನಮ್ಮ ಹಿತ್ತಲ ಕಡೆ ಸುಳಿಯುತ್ತಿರಲಿಲ್ಲ. ಒಣಗಿದ ಬಟ್ಟೆಗಳಿಗೆ, ರೊಟ್ಟಿಗೆ, ನಮ್ಮೆಲ್ಲರ ಕೂದಲಿಗೆ ಹೊಗೆಯ ವಾಸನೆ. ಮೊರದಿಂದ ಗಾಳಿ ಹಾಕುತ್ತ ಬೆಂಕಿ ಕಾಯುವ ಕೆಲಸ ಮೊದಲ ಕೆಲವು ದಿನ ಅವ್ವನದಿತ್ತು. ಆಮೇಲೆ ಅದು ಆ ವರ್ಷವೇ ಮನೆಗೆ ಹೊಸದಾಗಿ ಬಂದ ಸೊಸೆಯ ಪಾಲಿಗೆ ಬಂತು.

ಆ ಸೊಸೆ ನನ್ನ ಚಿಗವ್ವ, ಕಾಕಾನ ಹೆಂಡತಿ ನೀಲವ್ವ. ಡಂಬಳದವಳು. ನನಗೆ ಬುದ್ಧಿ ತಿಳಿದಾಗಿನಿಂದ ನಾನು ಮಲಗಿದ್ದು ಅವಳ ಮಗ್ಗುಲಲ್ಲಿ. ಅವ್ವನಿಗೆ ಮನೆಗೆಲಸ ಬಿಟ್ಟರೆ ಬೇರೆ ಲೋಕವಿಲ್ಲ. ಚಿಗವ್ವ ರೊಟ್ಟಿ ಬಡಿಯುತ್ತಲೇ ಮಂದಿಯ ನಡಿಗೆ ಅಣಕಿಸುತ್ತಿದ್ದಳು. ಪುಂಡಿಪಲ್ಯಕ್ಕೆ ಅವಳು ಹಾಕುವ ಬೆಳ್ಳುಳ್ಳಿ ಒಗ್ಗರಣೆ ಓಣಿಯ ತುದಿಗೆ ಕೇಳುತ್ತಿತ್ತು. ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಸವರಿ, ನಡುವೆ ಶೇಂಗಾ ಹಿಂಡಿ ಹಾಕಿ ಸುರುಳಿ ಮಾಡಿ ನನ್ನ ಕೈಗಿಟ್ಟು, 'ಓಡು, ಆಯಿ ಬಂದ್ಲು' ಎನ್ನುತ್ತಿದ್ದಳು. ಹೂವಿನ ಕಾಲ ಬಂದರೆ ಮಾತ್ರ ಅವಳ ನಗು ಕಡಿಮೆಯಾಗುತ್ತಿತ್ತು. ಹೊಗೆಗೆ ಕಣ್ಣು ಕೆಂಡದ ಹಾಗೆ ಕೆಂಪಾಗಿ ಸದಾ ನೀರು. ಅತ್ತಿದ್ದಾಳೋ, ಹೊಗೆಯೋ ಎಂದು ನೋಡಿದವರಿಗೆ ತಿಳಿಯುತ್ತಿರಲಿಲ್ಲ. ಅವಳಿಗೂ ಅದು ಅನುಕೂಲವೇ ಆಗಿತ್ತೆಂದು ಈಗ ಅನಿಸುತ್ತದೆ.

ಏಕೆಂದರೆ ಚಿಗವ್ವ ಬಂದು ವರ್ಷಗಳು ಕಳೆದರೂ ತೊಟ್ಟಿಲು ಕಟ್ಟಲಿಲ್ಲ. ಮರವೂ ಕಾಯಿ ಬಿಡಲಿಲ್ಲ. ಹೂವೇನೋ ಪ್ರತಿ ವರ್ಷ ಟೊಂಗೆ ಕಾಣದಂತೆ ಬರುತ್ತಿತ್ತು. ಯುಗಾದಿಗೆ ಓಣಿಯ ಹೆಂಗಸರೆಲ್ಲ ಬೇವಿನ ಹೂವಿಗೆ ನಮ್ಮಲ್ಲಿಗೇ ಬರುತ್ತಿದ್ದರು. ಬೆಲ್ಲ, ಪುಟಾಣಿ ಹಿಟ್ಟು, ಮಾವಿನಕಾಯಿ ಕೂಡಿಸಿ ಚಿಗವ್ವ ಮಾಡುವ ಬೇವನ್ನು ಕಹಿ ಎಂದವರಿಲ್ಲ. ಆದರೆ ಹಬ್ಬ ಕಳೆದು ಬಿಸಿಲು ಬಲಿತಂತೆ ಹೂಗೊಂಚಲು ಒಣಗಿ, ನೂಲಿನ ಹಾಗೆ ಜೋತು ಉದುರುತ್ತಿದ್ದವು. ಬೇರೆಯವರ ಹಿತ್ತಲಲ್ಲಿ ಮಳೆಗಾಲದ ಹೊತ್ತಿಗೆ ಹಳದಿ ಹಣ್ಣು ಬಿದ್ದು ಕಾಲಿಗೆ ಅಂಟುವಾಗ ನಮ್ಮ ಹಿತ್ತಲು ಗುಡಿಸಿದ ಹಾಗೆ ಸ್ವಚ್ಛ. ಗಾಣದವರ ಮನೆಯಲ್ಲಿ ಬೀಜಕ್ಕೆ ಬರ ಎಂದು ಊರವರು ನಗಾಡಿದರು. ಆ ನಗೆಯನ್ನು ಆಯಿಗೆ ಸಹಿಸಲಾಗಲಿಲ್ಲ. ಬಾಣಂತಿ ಕೋಣೆಗೆ ಹೋಗಿ ಬರಿದಾದ ಜಾಡಿಯನ್ನು ಒರೆಸಿಟ್ಟು ಬರುತ್ತಿದ್ದಳು. ಬರುತ್ತಲೇ ಹೇಳುತ್ತಿದ್ದಳು:

'ಇಕಿ ಹೊಸ್ತಿಲಾ ದಾಟಿದ ವರ್ಷದಿಂದ ಈ ಗಿಡ ಕಾಯಿ ಕಂಡಿಲ್ಲ. ಇಕಿ ಉಸರು ಹತ್ತಿದ್ದಕ್ಕ ಹೂವಾ ಸೈತ ಉಳಿಯೂದಿಲ್ಲ.'

ಲೆಕ್ಕ ಸರಿಯಾಗಿಯೇ ಇತ್ತು. ಚಿಗವ್ವ ಬಂದದ್ದೂ ಹೊಗೆ ಶುರುವಾದದ್ದೂ ಒಂದೇ ವರ್ಷ. ನಮ್ಮ ಮನೆಯಲ್ಲಿ ಒಬ್ಬರ ಕಣ್ಣಿಗೂ ಎರಡನೆಯದು ಬೀಳಲಿಲ್ಲ. ಹೊಗೆ ನನಗಾಗಿ ಹಾಕಿದ್ದು, ಅದು ಒಳ್ಳೆಯ ಕೆಲಸ. ಒಳ್ಳೆಯ ಕೆಲಸದಿಂದ ಕೆಡುಕಾದೀತೆಂದು ಯಾರಿಗೆ ಹೊಳೆಯಬೇಕು?

ಕಾಯಿ ಬಿಡದ ಮರಕ್ಕೆ ನಮ್ಮ ಕಡೆ ಒಂದು ಶಾಸ್ತ್ರವಿದೆ. ಅಮಾವಾಸ್ಯೆಯ ಬೆಳಿಗ್ಗೆ ಮನೆಯ ಗಂಡಸು ಕೊಡಲಿ ಹಿಡಿದು ಮರದ ಮುಂದೆ ನಿಂತು, ಕಡಿಯುತ್ತೇನೆ ಎಂದು ಬೆದರಿಸಬೇಕು. ಒಂದು ಕೂಸು ಅಡ್ಡ ಬಂದು ಬೇಡಿಕೊಳ್ಳಬೇಕು. ಮರ ಅದನ್ನು ಕೇಳಿಸಿಕೊಂಡು ನಾಚಿ, ಮುಂದಿನ ವರ್ಷ ಕಾಯಿ ಬಿಡುತ್ತದೆ. ನಾನು ಶಾಲೆಗೆ ಹೋಗಲು ಶುರು ಮಾಡಿದ್ದ ವರ್ಷ ಆಯಿ ಈ ಶಾಸ್ತ್ರ ಮಾಡಿಸಿದಳು. ಬೇಡುವ ಕೂಸು ನಾನು. ಚಿಗವ್ವನೇ ನನಗೆ ಎರಡು ಜಡೆ ಹೆಣೆದು, ಮಾತು ಬಾಯಿಪಾಠ ಮಾಡಿಸಿದಳು. ಓಣಿಯ ಹೆಂಗಸರು ಗೋಡೆಗುಂಟ ನಿಂತಿದ್ದರು. ಕಾಕಾ ಕೊಡಲಿ ಎತ್ತಿದ.

'ಕಾಯಿ ಕೊಡದ ಗಿಡಾ ಯಾಕ ಇಡಬೇಕು? ಕಡದು ಒಲಿಗೆ ಹಾಕತೇನಿ.'

'ಬ್ಯಾಡ ಕಾಕಾ, ಬರೂ ವರ್ಷ ಬಿಡತೈತಿ,' ಎಂದು ನಾನು ಮರವನ್ನು ತಬ್ಬಿಕೊಂಡೆ.

'ಬಿಡದಿದ್ರ?'

'ಬಿಡತೈತಿ. ನಾ ಜಾಮೀನ.'

ಹೆಂಗಸರು ಶಹಬ್ಬಾಸ್ ಎಂದರು. ಚಿಗವ್ವ ದೂರದಿಂದಲೇ ನನ್ನ ದೃಷ್ಟಿ ತೆಗೆದು ನೆಟಿಗೆ ಮುರಿದಳು. ಶಾಸ್ತ್ರ ಅಲ್ಲಿಗೆ ಮುಗಿಯಬೇಕಿತ್ತು. ಆಯಿ ಮುಗಿಸಲಿಲ್ಲ. ಒಗೆಯುವ ಕಲ್ಲಿನ ಮೇಲೆ ಕೂತವಳು ಚಿಗವ್ವನ ಕಡೆ ಬೆರಳು ಮಾಡಿದಳು.

'ಗಿಡಕ್ಕ ಜಾಮೀನ ಸಿಕ್ತು. ಇಕಿಗೆ ಯಾರು ನಿಲ್ಲತೀರಿ? ಬರೂ ವರ್ಷ ಗಿಡಾ ಕಾಯಿ ಬಿಟ್ರ ಇರಲಿ, ಇಲ್ಲಂದ್ರ ಡಂಬಳಕ್ಕ ಹೋಗಲಿ. ನನ್ನ ಮಗಗ ಬ್ಯಾರೆ ಹೆಣ್ಣು ನೋಡತೇನಿ.'

ಕಾಕಾ ಕೊಡಲಿಯ ಬಾಯನ್ನು ಹೆಬ್ಬೆರಳಿಂದ ಸವರುತ್ತ ನಿಂತ. ಅವ್ವ ಒಲೆಯ ಮೇಲೆ ಬೇಳೆ ಇದೆ ಎಂದು ಒಳಗೆ ಹೋದಳು. ಅಪ್ಪ ಬಸ್ಸಿಗೆ ಹೊತ್ತಾಯಿತು ಎಂದ. ಚಿಗವ್ವ ಎಲ್ಲರನ್ನೂ ಬಿಟ್ಟು ನನ್ನನ್ನು ನೋಡಿದಳು. ಈಗಷ್ಟೇ ಒಂದು ಮರಕ್ಕೆ ಜಾಮೀನಾಗಿ ಶಹಬ್ಬಾಸ್ ಅನ್ನಿಸಿಕೊಂಡ ನನಗೆ ಇವಳ ವಿಷಯದಲ್ಲಿ ಯಾರೂ ಮಾತು ಕಲಿಸಿರಲಿಲ್ಲ. ನಾನು ಆಯಿಯ ಮುಖ ನೋಡಿದೆ. ಅವಳ ತುಟಿ ಬಿಗಿದಿತ್ತು. ನಾನೂ ಬಿಗಿದೆ. ಆರೇಳು ವರ್ಷದ ಕೂಸು ಏನು ಮಾಡೀತು ಎಂದು ನನ್ನ ಗಂಡ ಸಮಾಧಾನ ಹೇಳುತ್ತಿದ್ದರು. ಸಮಾಧಾನ ಕಿವಿಗೆ ಹೋಗುತ್ತದೆ, ಹೊಟ್ಟೆಗೆ ಇಳಿಯುವುದಿಲ್ಲ. ಆ ಹಿತ್ತಲಲ್ಲಿ ಅವಳು ನೋಡಿದ್ದು ನನ್ನೊಬ್ಬಳನ್ನು.

ಮುಂದಿನ ಬೇಸಿಗೆ ಬಂತು. ಆ ವರ್ಷ ಚಿಗವ್ವ ಮರವನ್ನು ನೋಡಿದ ಹಾಗೆ ತಾಯಂದಿರು ಮಕ್ಕಳನ್ನೂ ನೋಡುವುದಿಲ್ಲ. ಹಳೆಯ ಎಲೆ ಉದುರಿ ಕೆಂಪು ಚಿಗುರು ಬಂದಾಗಿನಿಂದ ದಿನಾ ಬೆಳಿಗ್ಗೆ ನನ್ನನ್ನು ಕಲ್ಲಿನ ಮೇಲೆ ನಿಲ್ಲಿಸಿ ತೋರಿಸುತ್ತಿದ್ದಳು. ಚಿಗುರಿನ ಬುಡದಲ್ಲಿ ಮೊದಲು ಹಸಿರು ಎಳೆಗಳು. ಎಳೆಗಳ ತುಂಬ ನವಣಕ್ಕಿ ಚೆಲ್ಲಿದ ಹಾಗೆ ಮೊಗ್ಗು. ಮೊಗ್ಗು ಸೀಳಿ ಐದು ಬಿಳಿ ಎಸಳು, ಎಸಳಿನ ನಡುವೆ ಒಂದು ಪುಟ್ಟ ಕೊಳವೆ. ಎಲ್ಲ ಹೂವೂ ನೋಡಲಿಕ್ಕೆ ಒಂದೇ ಥರ. ಆದರೆ ಎಸಳು ಉದುರಿದ ಮೇಲೆ ಕೆಲವಕ್ಕೆ ತುದಿಯಲ್ಲಿ ಹಸಿರು ಚುಕ್ಕೆ ಉಳಿಯಬೇಕು, ಅದೇ ಕಾಯಿ ಎಂದು ಅವಳೇ ನನಗೆ ಹೇಳಿದ್ದು.

'ಇಷ್ಟ ಹೂವಿನ್ಯಾಗ ಎಲ್ಲಾ ಕಾಯಿ ಆಗೂದಿಲ್ಲವಾ ಸುವ್ವಿ. ನೂರಕ್ಕ ನಾಕ ನಿಂತರ ಸಾಕು, ಗಿಡಾ ತುಂಬತೈತಿ. ನಂಗ ಆ ನಾಕ ಬೇಕು.'

ತನ್ನ ಹಳೆಯ ಸೀರೆಯಿಂದ ಎರಡು ಕೆಂಪು ಚಿಂದಿ ಹರಿದು, ಒಂದನ್ನು ಕಲ್ಲಿನ ಮೇಲಿನ ಟೊಂಗೆಗೆ, ಇನ್ನೊಂದನ್ನು ಓಣಿಗೆ ಬಾಗಿದ ಟೊಂಗೆಗೆ ಕಟ್ಟಿದಳು. ಗುರುತಿಗೆ ಎಂದಳು. ಯುಗಾದಿಯ ಹಿಂದಿನ ದಿನ ಹೂವಿಗೆ ಬಂದ ಹೆಂಗಸರಿಗೆ ಈ ವರ್ಷ ಬೇವು ಇಲ್ಲ ಎಂದು ಬಾಗಿಲಲ್ಲೇ ಹೇಳಿಬಿಟ್ಟಳು. ಆಯಿ ಒಳಗಿಂದ ಓಡಿ ಬಂದಳು. ಹಬ್ಬದ ಬೇವಿಗೆ ಬಂದವರನ್ನು ಬರಿಗೈಲಿ ಕಳಿಸಿದ ಮನೆ ಉದ್ಧಾರ ಆದೀತೇನು ಎಂದು ಕೂಗಾಡಿ, ತಾನೇ ಕೋಲು ಹಿಡಿದು ಕೈಗೆ ಎಟುಕುವ ಟೊಂಗೆಗಳನ್ನೆಲ್ಲ ಬಡಿದು ಎಲ್ಲರ ಸೆರಗು ತುಂಬಿಸಿದಳು. ಚಿಗವ್ವ ನೆಲಕ್ಕೆ ಕೂತು ಬಿದ್ದ ಹೂವನ್ನು ಆರಿಸಿ ನೋಡಿದಳು, ಚುಕ್ಕೆ ಇದ್ದವೇನೋ ಎಂದು. ಮರುದಿನ ಬೆಳಿಗ್ಗೆ ಹೊಗೆ ಎಂದಿನಂತೆ ಎದ್ದಿತು. ಗಡಿಗೆಯ ಮುಂದೆ ಕೂತು ಮೊರ ಬೀಸುತ್ತಿದ್ದವಳು ಚಿಗವ್ವನೇ.

ಕಾಯಿ ನಿಲ್ಲಲಿಲ್ಲ. ಕಾರಹುಣ್ಣಿಮೆ ಹತ್ತಿರ ಬಂದಾಗ ಆಯಿ ಮರದ ಸುತ್ತ ಒಂದು ಸುತ್ತು ಬಂದು, ತಲೆಯೆತ್ತಿ ನೋಡಿ, ಒಳಗೆ ಹೋಗಿ ಡಂಬಳಕ್ಕೆ ಹೇಳಿ ಕಳಿಸಿದಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನಮ್ಮ ಚಿಗವ್ವ ತನ್ನ ಕಾಲ ಬರುವ ತನಕ ಆ ಮನೆಯಲ್ಲಿ ಇರಲಿಲ್ಲ. ಡಂಬಳದಿಂದ ಅವಳ ಅಣ್ಣ ಬಂದ. ಅವ್ವ ಅವಸರದಲ್ಲಿ ಬುತ್ತಿ ಕಟ್ಟಿದಳು, ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಸಂಬಂಧಿಕರನ್ನು ಊರಿಗೆ ಕಳಿಸುವ ಹಾಗೆಯೇ. ಕಾಕಾ ಟ್ರಂಕು ಹೊತ್ತು ಬಸ್‌ಸ್ಟ್ಯಾಂಡಿಗೆ ಮುಂದೆ ಹೋಗಿದ್ದ. ಹೆಂಡತಿಯನ್ನು ಬಿಟ್ಟು ಬರಲು ಟ್ರಂಕು ಹೊತ್ತ ಗಂಡನನ್ನು ನಾನು ಆಮೇಲೆ ಎಲ್ಲೂ ನೋಡಿಲ್ಲ. ಚಿಗವ್ವ ಆಯಿಯ ಕಾಲು ಮುಟ್ಟಿ ನಮಸ್ಕರಿಸಿದಳು. ನನ್ನ ಗಲ್ಲ ಹಿಡಿದು ಅಲುಗಾಡಿಸಿದಳು. ಹೊಸ್ತಿಲಲ್ಲಿ ನಿಂತು ಅವ್ವನಿಗೆ ಹೇಳಿದ ಮಾತು ಮಾತ್ರ ನನಗೆ ಅಕ್ಷರ ಬಿಡದೆ ನೆನಪಿದೆ.

'ಬರೂ ವರ್ಷ ಹೂ ಬಿಟ್ಟಾಗ ಹೊಗಿ ಹಾಕೂದು ಮರೀಬ್ಯಾಡ್ರಿ ಅಕ್ಕಾ. ಸುವ್ವಿ ಗಿಡದ ಬುಡಕ್ಕ ಹೋಗಿ ಕುಂಡ್ರತಾಳ. ಹುಳಾ ಕಡದಾವು.'

ಮುಂದಿನ ವರ್ಷ ಅವ್ವ ಮರೆತಳು. ಮರೆತಳೆನ್ನುವುದಕ್ಕಿಂತ ಕೈ ಸಾಲಲಿಲ್ಲ. ಇಬ್ಬರ ಕೆಲಸ ಒಬ್ಬಳ ಮೇಲೆ ಬಿದ್ದಿತ್ತು. ಆಯಿಗೆ ಮೊಣಕಾಲು ನೋವು ಹತ್ತಿ ಹಿತ್ತಲಿಗೆ ಬರುವುದು ಕಡಿಮೆಯಾಗಿತ್ತು. ನಾನೂ ಬೆಳೆದಿದ್ದೆ, ಹುಳ ಕಂಡರೆ ದೂರ ಸರಿಯುವಷ್ಟು ಬುದ್ಧಿ ಬಂದಿತ್ತು. ಹೊಗೆ ಹಾಕದ ಮರಕ್ಕೆ ಆ ಬೇಸಿಗೆ ಹುಳ ಎಷ್ಟು ಬಂದವೆಂದರೆ ಹಿತ್ತಲ ಬಾಗಿಲು ತೆರೆದರೆ ಗುಂಯ್ ಎನ್ನುವ ಸದ್ದು ಅಡುಗೆಮನೆಗೆ ಕೇಳುತ್ತಿತ್ತು. ಯಾವುದೂ ನನ್ನನ್ನು ಕಡಿಯಲಿಲ್ಲ. ಮಳೆ ಬೀಳುವ ಹೊತ್ತಿಗೆ ಮರ ಹಳದಿಯಾಗಿ ನಿಂತಿತು. ಒಗೆಯುವ ಕಲ್ಲಿನ ಮೇಲೆ ಕಾಲಿಟ್ಟರೆ ಹಣ್ಣು ಪಚಕ್ಕೆನ್ನುತ್ತಿತ್ತು, ಗಿಳಿಗಳು ಬೆಳಗಿನಿಂದ ಜಗಳ ಹಚ್ಚುತ್ತಿದ್ದವು. ಆಯಿ ನನ್ನ ಭುಜ ಹಿಡಿದು ಹಿತ್ತಲಿಗೆ ನಡೆದು ಬಂದಳು. ಗೋಡೆಯಾಚೆಯವರಿಗೂ ಕೇಳುವಂತೆ ಹೇಳಿದಳು:

'ನೋಡಿದ್ರ್ಯಾ? ನಾ ಅಂದಿದ್ದು ಸುಳ್ಳಾತೇನು? ಆಕಿ ಕಾಲು ಹೊರಗ ಬಿತ್ತು, ಗಿಡಕ್ಕ ಕಾಯಿ ಹತ್ತಿತು.'

ಓಣಿ ನಂಬಿತು. ನಾವೂ ನಂಬಿದೆವು. ಹಣ್ಣು ಆರಿಸಿ, ತಿಕ್ಕಿ ತೊಳೆದು, ಬೀಜ ಒಣಗಿಸಿ, ಎಷ್ಟೋ ವರ್ಷಗಳ ಮೇಲೆ ಗಾಣಕ್ಕೆ ಎತ್ತು ಹೂಡಿದರು. ಜಾಡಿ ತುಂಬಿತು. ತುಂಬಿದ ಜಾಡಿಯ ಮುಂದೆ ಕಾಕಾನ ಎರಡನೆಯ ಮದುವೆಯಾಯಿತು. ಹೊಸ ಚಿಗವ್ವನಿಗೂ ಮಕ್ಕಳಾಗಲಿಲ್ಲ. ಮರ ಆಮೇಲೆ ಪ್ರತಿ ವರ್ಷ ಕಾಯಿ ಬಿಟ್ಟಿತು. ಜಾಡಿಯಲ್ಲಿ ಎಣ್ಣೆ ಹಳಸಿತು. ಆಗ ಮಾತ್ರ ನಮ್ಮ ಮನೆಯಲ್ಲಿ ಯಾರಿಗೂ ಮರದ ನೆನಪಾಗಲಿಲ್ಲ.

ಎಂಟನೆಯ ಇಯತ್ತೆಯಲ್ಲಿ ಹೂವಿನ ಪಾಠ ಬಂತು. ಗುರುಗಳು ಕರಿಹಲಗೆಯ ಮೇಲೆ ದಾಸವಾಳ ಬರೆದು, ಹುಳ ಬಂದು ಪರಾಗವನ್ನು ಒಂದು ಹೂವಿನಿಂದ ಇನ್ನೊಂದಕ್ಕೆ ಮುಟ್ಟಿಸದಿದ್ದರೆ ಎಷ್ಟೋ ಗಿಡಗಳಲ್ಲಿ ಹೂವು ಹೂವಾಗಿಯೇ ಉದುರುತ್ತದೆ ಎಂದರು. ಪಕ್ಕದ ಹುಡುಗಿ ಚಿತ್ರ ಬರೆದುಕೊಳ್ಳುತ್ತಿದ್ದಳು. ಮೊರದ ಸದ್ದು ಕಿವಿಯಲ್ಲಿ ಕೇಳಿತು. ಮನೆಗೆ ಓಡಿ ಬಂದೆ. ಆಯಿ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಅಡಿಕೆ ಕತ್ತರಿಸುತ್ತಿದ್ದಳು, ಅವ್ವ ಅಕ್ಕಿ ಆರಿಸುತ್ತಿದ್ದಳು. ನಿಂತಲ್ಲೇ ಹೇಳಿದೆ:

'ಆಯಿ, ಗಿಡಾ ಕಾಯಿ ಬಿಡದ್ದು ಚಿಗವ್ವನಿಂದ ಅಲ್ಲ. ಹೊಗಿಯಿಂದ. ಹೊಗಿಗೆ ಹುಳಾ ಬರತಿದ್ದಿಲ್ಲ. ಹುಳಾ ಬರದಿದ್ರ ಕಾಯಿ ಆಗೂದಿಲ್ಲಂತ.'

ಆಯಿಯ ಅಡಕತ್ತರಿ ನಿಂತಿತು. ಅವಳು ದಡ್ಡಿಯಲ್ಲ, ಒಂದೇ ಮಾತಿಗೆ ಎಲ್ಲ ತಿಳಿಯಿತೆಂದು ನನಗೆ ಅವಳ ಮುಖದಲ್ಲೇ ಕಂಡಿತು. ಹೊಗೆ ಶುರುವಾದ ವರ್ಷ, ಹೊಗೆ ನಿಂತ ವರ್ಷ, ಎರಡನ್ನೂ ಅವಳೇ ಅಲ್ಲವೇ ಕಣ್ಣಾರೆ ಕಂಡದ್ದು. ಅಡಿಕೆ ಚೂರನ್ನು ಬಾಯಿಗೆ ಹಾಕಿಕೊಂಡಳು.

'ಆಗಿ ಹೋದದ್ದು ಆತು. ಈಗ ಆ ಮಾತ್ಯಾಕ?'

ಅವ್ವ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು.

'ಹೊರಗ ಯಾರ ಮುಂದೂ ಅನಬ್ಯಾಡ. ಮನ್ಯಾಗ ಇನ್ನೊಬ್ಬಾಕಿ ಬಂದು ಕುಂತಾಳ. ಡಂಬಳದಾಕಿನ್ನ ಕರಕೊಂಡು ಬಂದು ಎಲ್ಲಿ ಇಡೋಣು? ಮಂದಿ ಬಾಯಾಗ ನಾವು ಏನಾಗತೀವಿ, ವಿಚಾರ ಮಾಡು.'

ವಿಚಾರ ಮಾಡಿದೆ. ಆ ಮನೆ ನನಗೆ ಕಲಿಸಿದ ಮೊದಲ ವಿಚಾರ ಅದು. ಅಪ್ಪನಿಗೆ ಗೊತ್ತಾಯಿತು, ಕಾಕಾನಿಗೂ ಗೊತ್ತಾಯಿತು. ಕಾಕಾ ಆ ವಾರ ಹೊಲದಲ್ಲೇ ಮಲಗಿದ. ಆಮೇಲೆ ಮನೆಗೆ ಬಂದು ಎಂದಿನಂತೆ ಉಂಡ. ನಮ್ಮ ಮನೆಯಲ್ಲಿ ಜಗಳಕ್ಕೆ ಯಾವತ್ತೂ ಕೊರತೆಯಿರಲಿಲ್ಲ, ಒಂದು ತಪ್ಪಲೆ ಕಾಣೆಯಾದರೆ ವಾರಗಟ್ಟಲೆ ಕೂಗಾಟ. ಇದರ ಬಗ್ಗೆ ಮಾತ್ರ ಜಗಳವೇ ಆಗಲಿಲ್ಲ.

ನಾನು ಕಲಿತು ಶಿಕ್ಷಕಿಯಾದೆ. ಗದಗಿನಲ್ಲಿ ಮನೆ, ಮುಂಡರಗಿಯಲ್ಲಿ ಶಾಲೆ. ದಿನಾ ಬಸ್ಸು ಡಂಬಳದ ಮೇಲೆಯೇ ಹೋಗಬೇಕು. ಚಿಗವ್ವನ ಅಣ್ಣನ ಮನೆ ಬಸ್‌ಸ್ಟ್ಯಾಂಡಿಗೆ ಹತ್ತಿರ, ಎಡಗಡೆ ಎಂದು ಕೇಳಿ ತಿಳಿದಿದ್ದೆ. ಹೋಗುವಾಗ ಬಲಗಡೆಯ ಸೀಟು ಹಿಡಿಯುತ್ತಿದ್ದೆ, ಬರುವಾಗ ಎಡಗಡೆ. ಸೀಟು ಸಿಗದ ದಿನ ನಿಂತುಕೊಂಡು ಕಣ್ಣು ಮುಚ್ಚುತ್ತಿದ್ದೆ. ಟೀಚರಿಗೆ ನಿದ್ದೆ ಎಂದು ಕಂಡಕ್ಟರು ಚೇಷ್ಟೆ ಮಾಡುತ್ತಿದ್ದ. ನಿವೃತ್ತಿಯ ದಿನದವರೆಗೂ ಹಾಗೆಯೇ ನಡೆಯಿತು. ಆಯಿ, ಕಾಕಾ, ಅಪ್ಪ ಒಬ್ಬೊಬ್ಬರಾಗಿ ಹೋದರು. ಹೋದ ವರ್ಷ ಅವ್ವನೂ ಹೋದಳು. ಸುಮ್ಮನಿರು ಎನ್ನುವವರು ಯಾರೂ ಉಳಿಯಲಿಲ್ಲ. ಈ ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಸೊಸೆಗೆ ಗೆಳತಿಯ ಮನೆಗೆ ಎಂದು ಹೇಳಿ ಬಸ್ಸು ಹತ್ತಿ, ಡಂಬಳದಲ್ಲಿ ಇಳಿದೆ.

ಚಿಗವ್ವ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಹೆಸರುಕಾಳು ಕೇರುತ್ತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು, ಕೈಯ ಬೀಸು ಹಾಗೇ ಇತ್ತು. ನಾನು ಹೆಸರು ಹೇಳುವ ಮೊದಲೇ ಗುರುತು ಹಿಡಿದಳು. 'ತುಟಿ ಹಂಗ ಐತಿ' ಎಂದು ನಕ್ಕಳು. ಜೇನು ಕಡಿದದ್ದಲ್ಲ, ನಾನು ತುಟಿ ಬಿಗಿದುಕೊಳ್ಳುವ ರೀತಿ ಎಂದು ನನಗೆ ಅರ್ಥವಾಯಿತು. ಅವಳ ಅಣ್ಣನ ಮೊಮ್ಮಗಳು ನೀರು ತಂದಿಟ್ಟು ಹೋದಳು. ಅವ್ವ ಹೋದದ್ದು ಹೇಳಿದೆ. ಆಯಿಯ ಕಡೆಗಾಲದ ಸುದ್ದಿ ಹೇಳಿದೆ. ಹೇಳಬೇಕಾದ್ದನ್ನು ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದಿದ್ದೆ, ಅವಳು ಜಡೆ ಹೆಣೆಯುತ್ತ ಮಾಡಿಸಿದ ಹಾಗೆ.

'ಚಿಗವ್ವ, ಗಿಡಾ ಕಾಯಿ ಬಿಡದ್ದು ಹೊಗಿಯಿಂದ. ನನ್ನ ಸಲವಾಗಿ ಹಾಕಿದ ಹೊಗಿಯಿಂದ.'

ಮೊರ ನಿಲ್ಲಲಿಲ್ಲ.

'ಗೊತ್ತೈತಿ.'

'ಯಾವಾಗ ಗೊತ್ತಾತು?'

'ಆವಾಗ. ಎರಡು ಟೊಂಗಿಗೆ ಚಿಂದಿ ಕಟ್ಟಿದ್ದಿಲ್ಲೇನು? ಹೊಗಿ ತಾಗೂ ಟೊಂಗ್ಯಾಗ ಒಂದೂ ನಿಲ್ಲಲಿಲ್ಲ. ಓಣ್ಯಾಗಿನ ಟೊಂಗ್ಯಾಗ ನಾಕ ಕಾಯಿ ನಿಂತಿದ್ದವು. ಓಣಿ ಹುಡುಗರು ಕೋಲು ಹಾಕಿ ಕೆಡವಿದ್ರು.'

'ಮತ್ತ ಯಾಕ ಹೇಳಲಿಲ್ಲ?'

'ಏನಂತ ಹೇಳಲಿ? ಹೊಗಿ ಬಿಡಸ್ರಿ ಅಂದಿದ್ರ ನಿಮ್ಮ ಆಯಿ ಏನಂತಿದ್ಲು? ಈ ಬಂಜಿ ಕೂಸಿನ ಜೀವಕ್ಕ ಹೊಂಚು ಹಾಕ್ಯಾಳ ಅಂತಿದ್ಲು. ಒಂದ ದಿನಾ ಮುಂಜಾನಿ ನಾನ ಬೆಂಕಿಗೆ ನೀರ ಹಾಕಿ ಆರಿಸಿದೆ. ಹುಳಾ ಬಂದವು. ಇನ್ನೇನು ಉಳದೆ ಅಂತ ಕೈ ಮುಗದು ತಿರಗತೇನಿ, ನೀ ಬಂದು ಬುಡದಾಗ ಕುಂತು ಹೂ ಆರಿಸಾಕ ಹತ್ತಿದ್ದಿ. ನಿನ್ನ ಮ್ಯಾಲ ಎಂಥಾ ಸಿಟ್ಟು ಬಂತು ಗೊತ್ತೇನು? ಒಂದ ಘಳಗಿ ಹಂಗ ನಿಂತೆ. ಕಡದರ ಕಡೀಲಿ ಅಂತ ನಿಂತೆ. ಆಮ್ಯಾಲ ಮತ್ತ ಹಚ್ಚಿದೆ.'

ನಾನು ಅವಳ ಕಾಲ ಮೇಲೆ ಕೈಯಿಟ್ಟು ಅತ್ತೆ. ಅವಳು ಬಿಡಿಸಿಕೊಳ್ಳಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ನಾನು ಮೂಗು ಒರೆಸಿಕೊಳ್ಳುವ ತನಕ ಕಾದಳು. ಆಮೇಲೆ ಸಹಜವಾಗಿಯೇ ಕೇಳಿದಳು:

'ನಿನಗ ಈಗ ಹೆಂಗ ತಿಳೀತು? ಯಾರ ಹೇಳಿದ್ರು?'

ಆಗಲಾದರೂ ನಾನು ಸುಳ್ಳು ಹೇಳಬಹುದಿತ್ತು. ನಿನ್ನೆ ತಿಳಿಯಿತು, ಟೀವಿಯಲ್ಲಿ ನೋಡಿದೆ, ಏನಾದರೂ. ಖರೆ ಹೇಳಿ ಹಗುರಾಗಲು ಬಂದವಳು ನಾನು.

'ಸಾಲ್ಯಾಗ ತಿಳೀತು. ಎಂಟನೇತ್ತ ಇದ್ದಾಗ. ಮನಿಗೆ ಬಂದು ಎಲ್ಲಾರಿಗೂ ಹೇಳಿದೆ.'

'ಎಲ್ಲಾರಿಗೂ?'

'ಹೂಂ.'

'ನಿಮ್ಮ ಕಾಕಾಗೂ?'

ನಾನು ಹೌದೆಂದು ತಲೆಯಾಡಿಸಿದೆ. ಮೊರ ಅವಳ ತೊಡೆಯ ಮೇಲೆ ನಿಂತಿತು. ಅವಳು ಹೆಸರುಕಾಳಿನಲ್ಲಿ ಬೆರಳಾಡಿಸಿದಳು, ಕಲ್ಲು ಹುಡುಕುವವಳ ಹಾಗೆ.

'ನಿಮಗ ಯಾರಿಗೂ ಗೊತ್ತಿಲ್ಲ ಅಂತ ತಿಳಕೊಂಡಿದ್ದೆ,' ಎಂದಳು. 'ಗೊತ್ತಿಲ್ಲ, ಅದಕ್ಕ ಯಾರೂ ಕರ್ಯಾಕ ಬರಲಿಲ್ಲ ಅಂತ.'

ಗದಗಿನ ಬಸ್ಸು ಬಂದು ಹೋಯಿತು. ಅವಳು ಮೊರವನ್ನು ಪಕ್ಕಕ್ಕಿಟ್ಟು, ಗೋಡೆ ಹಿಡಿದು ಎದ್ದು, ಒಳಗೆ ಹೋದಳು. ಚಹಾ ಮಾಡಲು ಹೋಗಿರಬೇಕು ಎಂದುಕೊಂಡೆ. ಒಳಗಿನಿಂದ ಪಾತ್ರೆಯ ಸದ್ದು ಕೇಳಲಿಲ್ಲ. ಬಹಳ ಹೊತ್ತಿನ ಮೇಲೆ ಆ ಮೊಮ್ಮಗಳು ಹೊರಗೆ ಬಂದು, ಅಜ್ಜಿ ಮಲಗಿದ್ದಾಳೆ, 'ಹೋಗಿ ಬಾ' ಅಂತ ಹೇಳು ಅಂದಳು ಎಂದು ತಿಳಿಸಿದಳು. ಕಟ್ಟೆಯ ಮೇಲೆ ಉಳಿದ ಹೆಸರನ್ನು ನಾನೇ ಕೇರಿ, ಮೊರವನ್ನು ಗೋಡೆಗಿಟ್ಟು, ಮುಂದಿನ ಬಸ್ಸಿಗೆ ನಡೆದೆ. ಬಸ್ಸಿನಲ್ಲಿ ಅವರ ಮನೆ ಕಾಣುವ ಕಡೆಯೇ ಸೀಟು ಸಿಕ್ಕಿತು. ಕೂತೆ. ಬಾಗಿಲು ಮುಚ್ಚಿತ್ತು.